ಪ್ರೀಮೆಡ್ ಓದಲು ಯಾವ ಕಾಲೇಜು: ರಾಜ್ಯದ ವಿಶ್ವವಿದ್ಯಾಲಯವೋ, ದೊಡ್ಡ ಹೆಸರಿನ ಖಾಸಗಿಯೋ, ಚಿಕ್ಕ ಕಾಲೇಜೋ?

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ನೀಟ್ ಬರೆದ ವಿದ್ಯಾರ್ಥಿ ನೇರವಾಗಿ ಎಂಬಿಬಿಎಸ್ ಸೇರುತ್ತಾನೆ. ಅಮೆರಿಕದಲ್ಲಿ ದಾರಿ ಬೇರೆ. ಇಲ್ಲಿ ಮೊದಲು ನಾಲ್ಕು ವರ್ಷದ ಸಾಮಾನ್ಯ ಪದವಿ ಮುಗಿಸಬೇಕು, ಅನಂತರ ನಾಲ್ಕು ವರ್ಷದ ಎಂಡಿ ಅಥವಾ ಡಿಒ (ಎರಡೂ ಇಲ್ಲಿ ವೈದ್ಯರಾಗುವ ಮೂಲ ಪದವಿಗಳು) ಓದಬೇಕು, ಅದಾದ ಮೇಲೆ ಆಯ್ದ ವಿಭಾಗಕ್ಕೆ ತಕ್ಕಂತೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ, ಮಾಡಬೇಕು. ಪ್ರೀಮೆಡ್ ಎಂಬುದು ಹೆಚ್ಚಿನ ಕಾಲೇಜುಗಳಲ್ಲಿ ಪದವಿಯ ಹೆಸರೇ ಅಲ್ಲ. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಲು ಬೇಕಾದ ಜೀವಶಾಸ್ತ್ರ, ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ, ಬಯೋಕೆಮಿಸ್ಟ್ರಿ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ ಮುಂತಾದ ಕೋರ್ಸುಗಳನ್ನು ಲ್ಯಾಬ್ ಸಮೇತ ಮುಗಿಸುವ ಒಂದು ದಾರಿಯಷ್ಟೇ ಅದು. ಈ ಕೋರ್ಸುಗಳು ಅಮೆರಿಕದ ಬಹುಪಾಲು ಎಲ್ಲ ಕಾಲೇಜುಗಳಲ್ಲೂ ಸಿಗುತ್ತವೆ. ಆದ್ದರಿಂದಲೇ ಆಯ್ಕೆ ಕಷ್ಟವಾಗುತ್ತದೆ, ಮತ್ತು ಆದ್ದರಿಂದಲೇ ಅನೇಕ ಮನೆಗಳಲ್ಲಿ ಅದು ಕಡೆಗೆ ಕಾಲೇಜಿನ ಹೆಸರಿನ ಮೇಲೆಯೇ ತೀರ್ಮಾನವಾಗಿಬಿಡುತ್ತದೆ.

ಹೆಸರನ್ನು ಸ್ವಲ್ಪ ಬದಿಗಿಟ್ಟು, ಆ ಕಾಲೇಜಿನಲ್ಲಿ ಕಳೆಯುವ ನಾಲ್ಕು ವರ್ಷ ವಿದ್ಯಾರ್ಥಿಯ ಅಂಕಗಳಿಗೆ, ಮನೆಯ ಹಣಕ್ಕೆ, ಅವಳನ್ನು ಬಲ್ಲ ಅಧ್ಯಾಪಕರ ಸಂಖ್ಯೆಗೆ ಏನು ಮಾಡುತ್ತದೆ ಎಂಬುದನ್ನು ಹೋಲಿಸಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಹಾರ್ವರ್ಡ್‌ನಲ್ಲಿ ಪದವಿ ಓದಿ, ಯೇಲ್‌ನಲ್ಲಿ ವೈದ್ಯರಾಗಿ, ಅಮೆರಿಕದ ಸರ್ಜನ್ ಜನರಲ್ ಹುದ್ದೆಗೇರಿದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಅವರ ದಾರಿಯನ್ನು ನೋಡಿ ಹಾರ್ವರ್ಡ್ ಇಲ್ಲದಿದ್ದರೆ ಡಾಕ್ಟರಿಕೆಯೂ ಇಲ್ಲ ಎಂದುಕೊಳ್ಳುವುದಕ್ಕೆ ಆಧಾರವಿಲ್ಲ. ಪ್ರತಿ ವರ್ಷ ಎಂಡಿ ಕೋರ್ಸಿಗೆ ಅರ್ಜಿ ಹಾಕುವವರು ಐವತ್ತು ಸಾವಿರಕ್ಕೂ ಹೆಚ್ಚು, ಸೇರುವವರು ಸುಮಾರು 23,000. ಅವರಲ್ಲಿ ಅಸಂಖ್ಯ ಮಂದಿ ಬಂದಿರುವುದು ರಾಜ್ಯ ವಿಶ್ವವಿದ್ಯಾಲಯಗಳಿಂದ.

ಅಂಕಗಳ ಲೆಕ್ಕ

ಈಚಿನ ವರ್ಷಗಳಲ್ಲಿ ಎಂಡಿ ಸೇರಿದವರ ಸರಾಸರಿ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಕಾಲೇಜಿನ ಗ್ರೇಡುಗಳ ಸರಾಸರಿ, ಸುಮಾರು 3.8; ಮೆಡಿಕಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ ಸುಮಾರು 512. ಎಂಕ್ಯಾಟ್ ಇಡೀ ದೇಶಕ್ಕೆ ಒಂದೇ ಪರೀಕ್ಷೆ, 472ರಿಂದ 528ರವರೆಗಿನ ಅಳತೆ, ಎಲ್ಲಿ ಓದಿದರೂ ಅದು ಬದಲಾಗುವುದಿಲ್ಲ. ಬದಲಾಗುವುದು ಜಿಪಿಎ. ಮೆಡಿಕಲ್ ಸ್ಕೂಲುಗಳ ಸಾಮಾನ್ಯ ಅರ್ಜಿ ವ್ಯವಸ್ಥೆಯಾದ ಆ್ಯಮ್‌ಕ್ಯಾಸ್ ಒಟ್ಟು ಜಿಪಿಎಯ ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತಗಳ ಜಿಪಿಎಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ, ಮತ್ತು ಒಂದು ಕೋರ್ಸನ್ನು ಎರಡನೇ ಸಲ ತೆಗೆದುಕೊಂಡರೂ ಮೊದಲ ಸಲದ ಗ್ರೇಡನ್ನು ಅಳಿಸುವುದಿಲ್ಲ.

ಇದನ್ನು ಅಂಕಿಗಳಲ್ಲಿ ನೋಡೋಣ. ಒಬ್ಬ ವಿದ್ಯಾರ್ಥಿನಿ ನಾಲ್ಕು ವರ್ಷದಲ್ಲಿ ವಿಜ್ಞಾನ ಮತ್ತು ಗಣಿತದ 56 ಕ್ರೆಡಿಟ್ ತೆಗೆದುಕೊಂಡಿದ್ದಾಳೆ ಎಂದುಕೊಳ್ಳಿ. ನಾಲ್ಕು ಕ್ರೆಡಿಟ್‌ನ ನಾಲ್ಕೇ ಕೋರ್ಸುಗಳಲ್ಲಿ ಬಿ, ಉಳಿದೆಲ್ಲದರಲ್ಲಿ ಎ ಬಂದರೆ ಅವಳ ವಿಜ್ಞಾನ ಜಿಪಿಎ 3.71ಕ್ಕೆ ಇಳಿಯುತ್ತದೆ. ಅಂದರೆ ನಾಲ್ಕು ಬಿ ಗ್ರೇಡುಗಳು ಅತ್ಯುತ್ತಮ ವಿದ್ಯಾರ್ಥಿನಿಯನ್ನು ಸರಾಸರಿಯ ಆಸುಪಾಸಿಗೆ ತಂದು ನಿಲ್ಲಿಸುತ್ತವೆ; ಅದರ ಮೇಲೊಂದು ಸಿ ಬಂದರೆ ಮೇಲೇಳಲು ಎರಡು ವರ್ಷ ಬೇಕಾಗುತ್ತದೆ. ಮೊದಲ ಎರಡು ವರ್ಷಗಳ ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ ತರಗತಿಗಳು ಅನೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮುನ್ನೂರು ಜನ ಕೂರುವ ಸಭಾಂಗಣದಲ್ಲಿ ನಡೆಯುತ್ತವೆ, ಗ್ರೇಡುಗಳನ್ನು ಕರ್ವ್ ಮೇಲೆ, ಅಂದರೆ ಸಹಪಾಠಿಗಳಿಗೆ ಹೋಲಿಸಿ, ಹಂಚಲಾಗುತ್ತದೆ, ಮತ್ತು ಪಕ್ಕದಲ್ಲಿ ಕುಳಿತವರೆಲ್ಲ ತಮ್ಮ ಹೈಸ್ಕೂಲಿನ ಮೊದಲ ಹತ್ತರಲ್ಲಿದ್ದವರೇ ಆಗಿರುತ್ತಾರೆ. ಹೈಸ್ಕೂಲಿನಲ್ಲಿ ಒಂದೂ ಬಿ ಕಾಣದ ಮಕ್ಕಳು ಮೊದಲ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ ಐವತ್ತೆಂಟು ತೆಗೆದುಕೊಂಡು ಕಂಗಾಲಾಗಿ ಮನೆಗೆ ಫೋನು ಮಾಡುವುದು ಇಂಥ ಕಡೆಯೇ.

ಗ್ರೇಡು ಕೊಡುವ ಕೈ ಎಲ್ಲ ಕಡೆ ಒಂದೇ ಸಮವಲ್ಲ ಎಂಬುದು ಗುಟ್ಟೇನೂ ಅಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಎ ದರ್ಜೆಯ ಗ್ರೇಡುಗಳು ಶೇಕಡಾ 35ರ ಆಸುಪಾಸಿನಲ್ಲಿರಬೇಕೆಂಬ ನೀತಿ ತಂದು, ಹತ್ತು ವರ್ಷದ ನಂತರ 2014ರಲ್ಲಿ ಅದನ್ನು ಕೈಬಿಟ್ಟಿತು. ಹಾರ್ವರ್ಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚಿನ ಗ್ರೇಡುಗಳು ಎ. ಎಂಐಟಿ ಮತ್ತು ಸ್ವಾರ್ತ್‌ಮೋರ್‌ನಲ್ಲಿ ಮೊದಲ ಸೆಮಿಸ್ಟರಿನ ಗ್ರೇಡುಗಳು ಜಿಪಿಎಗೆ ಸೇರುವುದಿಲ್ಲ, ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ವಿದ್ಯಾರ್ಥಿಗಳಿಗೆ ಸ್ವಲ್ಪ ಉಸಿರು ಸಿಗುತ್ತದೆ. ಕಠಿಣವಾದ ಕಾಲೇಜಿನ 3.5 ಅನ್ನು ಮೆಡಿಕಲ್ ಸ್ಕೂಲುಗಳು ಅರ್ಥಮಾಡಿಕೊಳ್ಳುತ್ತವೆ ಎಂದು ಹೇಳುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಅದು ನಿಜ, ಆದರೆ ಸ್ವಲ್ಪ ಮಟ್ಟಿಗೆ ಮಾತ್ರ. ಸಾವಿರಾರು ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯುವಾಗ ಎಲ್ಲರೂ ನೋಡುವುದು ಅಂಕಿಯನ್ನೇ. ವಿದ್ಯಾರ್ಥಿ ತರಗತಿಯ ಮೇಲಿನ ಕಾಲು ಭಾಗದಲ್ಲಿ ಇರಬಲ್ಲ ಕಾಲೇಜು, ಅವನು ಕಷ್ಟಪಟ್ಟು ನಡುವಿನಲ್ಲಿ ಉಳಿಯುವ ಕಾಲೇಜಿಗಿಂತ ಈ ದಾರಿಗೆ ಹೆಚ್ಚು ಒಳ್ಳೆಯದು ಎಂದೇ ನಾನು ನಂಬುತ್ತೇನೆ.

ಹಣ

ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ ಸುಮಾರು 90,000 ಡಾಲರ್ ಆಗುತ್ತದೆ. ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್ ಸೇರಿಯೂ ಅದು 30,000ದಿಂದ 45,000 ಡಾಲರಿನೊಳಗೆ ಮುಗಿಯುವುದು ಸಾಮಾನ್ಯ, ಮನೆಯಿಂದಲೇ ಓಡಾಡಿದರೆ ಇನ್ನೂ ಕಡಿಮೆ. ನಾಲ್ಕು ವರ್ಷಕ್ಕೆ ಈ ಎರಡರ ನಡುವಿನ ಅಂತರ ಸುಮಾರು ಎರಡು ಲಕ್ಷ ಡಾಲರ್.

ಈ ಎರಡು ಲಕ್ಷಕ್ಕೆ ಈಗ ಹೊಸ ತೂಕ ಬಂದಿದೆ. ಇದುವರೆಗೆ ಮೆಡಿಕಲ್ ವಿದ್ಯಾರ್ಥಿಗಳು ಗ್ರ್ಯಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲದ ಮೂಲಕ ಪೂರ್ತಿ ಖರ್ಚನ್ನು ಭರಿಸಿಕೊಳ್ಳಬಹುದಿತ್ತು. 2025ರ ಜುಲೈನಲ್ಲಿ ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಆ ಸಾಲ ಇಲ್ಲ. ವೈದ್ಯಕೀಯದಂತಹ ವೃತ್ತಿ ಶಿಕ್ಷಣಕ್ಕೆ ಸಿಗುವ ಸರ್ಕಾರಿ ಸಾಲಕ್ಕೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಖಾಸಗಿ ಮೆಡಿಕಲ್ ಸ್ಕೂಲುಗಳ ನಾಲ್ಕು ವರ್ಷದ ಖರ್ಚು ಅನೇಕ ಕಡೆ ಈ ಮಿತಿಯನ್ನು ಮೀರುತ್ತದೆ. ಉಳಿದದ್ದನ್ನು ಮನೆಯವರು ಕೊಡಬೇಕು, ಇಲ್ಲವೇ ಖಾಸಗಿ ಬ್ಯಾಂಕಿನಿಂದ ಹೆಚ್ಚಿನ ಬಡ್ಡಿಗೆ ತರಬೇಕು. ಆದ್ದರಿಂದ ಪದವಿಗೇ ಉಳಿತಾಯವನ್ನೆಲ್ಲ ಖಾಲಿ ಮಾಡಿ, ಮೆಡಿಕಲ್ ಸ್ಕೂಲಿನ ಹೊತ್ತಿಗೆ ಬರಿಗೈಯಲ್ಲಿ ನಿಲ್ಲುವುದು ಹಿಂದಿಗಿಂತ ಈಗ ಹೆಚ್ಚು ಅಪಾಯಕಾರಿ. ಮಕ್ಕಳ ಓದಿಗೆಂದು ತೆರಿಗೆ ರಿಯಾಯಿತಿಯಲ್ಲಿ ಉಳಿಸುವ 529 ಖಾತೆಯಲ್ಲಿ ಕೂಡಿಟ್ಟ ಹಣವನ್ನು ಮೆಡಿಕಲ್ ಸ್ಕೂಲಿಗೂ ಬಳಸಬಹುದೆಂಬುದನ್ನು ಇಲ್ಲಿ ನೆನಪಿಡಬೇಕು.

ಒಂದು ಅಪವಾದವಿದೆ. ಶ್ರೀಮಂತ ನಿಧಿಗಳಿರುವ ಕೆಲವು ವಿಶ್ವವಿದ್ಯಾಲಯಗಳು ಆದಾಯ ನೋಡಿ ಧಾರಾಳವಾಗಿ ನೆರವು ಕೊಡುತ್ತವೆ. ಹಾರ್ವರ್ಡ್ 2025-26ರಿಂದ ವರ್ಷಕ್ಕೆ ಎರಡು ಲಕ್ಷ ಡಾಲರ್ ಅಥವಾ ಅದಕ್ಕಿಂತ ಕಡಿಮೆ ಆದಾಯದ ಕುಟುಂಬಗಳಿಗೆ ಬೋಧನಾ ಶುಲ್ಕವನ್ನೇ ತೆಗೆದಿದೆ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿರುವ ಮನೆಗಳು ಈ ಗೆರೆಯನ್ನು ದಾಟಿರುವುದು ಹೆಚ್ಚು, ಆದರೆ ಒಬ್ಬರೇ ದುಡಿಯುವ ಮನೆಗೆ ದುಬಾರಿ ಕಾಲೇಜೇ ಅಗ್ಗವಾಗಿ ಬೀಳುವುದುಂಟು. ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರಿನಲ್ಲಿ ನಿಮ್ಮದೇ ಅಂಕಿಗಳನ್ನು ಹಾಕಿ ನೋಡದೆ ಹೋಲಿಸಲು ಹೋಗಬೇಡಿ.

ಶೇಕಡಾ ತೊಂಬತ್ತು ಎಂಬ ಜಾಹೀರಾತು

ಅನೇಕ ಕಾಲೇಜುಗಳು ತಮ್ಮ ಪ್ರೀಮೆಡ್ ವಿದ್ಯಾರ್ಥಿಗಳಲ್ಲಿ ಶೇಕಡಾ 85, 90ರಷ್ಟು ಮಂದಿಗೆ ಮೆಡಿಕಲ್ ಸೀಟು ಸಿಗುತ್ತದೆಂದು ಹೇಳಿಕೊಳ್ಳುತ್ತವೆ. ರಾಷ್ಟ್ರಮಟ್ಟದಲ್ಲಿ ಅರ್ಜಿ ಹಾಕಿದವರಲ್ಲಿ ಅರ್ಧದಷ್ಟು ಜನರಿಗೂ ಎಂಡಿ ಸೀಟು ಸಿಗದಿರುವಾಗ ಈ ಅಂಕಿ ಯಾರನ್ನಾದರೂ ಸೆಳೆಯುತ್ತದೆ. ಅದು ಸುಳ್ಳೆಂದಲ್ಲ, ಯಾರನ್ನು ಭಾಗಿಸಿ ಬಂದ ಅಂಕಿ ಎಂಬುದನ್ನು ಕೇಳಬೇಕು.

ಒಂದು ಕಾಲ್ಪನಿಕ ಕಾಲೇಜನ್ನು ತೆಗೆದುಕೊಳ್ಳೋಣ. ಮೊದಲ ವರ್ಷ 200 ಮಕ್ಕಳು ಪ್ರೀಮೆಡ್ ಎಂದು ಹೆಸರು ಕೊಡುತ್ತಾರೆ. ಆರ್ಗ್ಯಾನಿಕ್ ಕೆಮಿಸ್ಟ್ರಿ ಮುಗಿಯುವಷ್ಟರಲ್ಲಿ 100 ಮಂದಿ ಉಳಿಯುತ್ತಾರೆ. ಮೂರನೇ ವರ್ಷ ಕಾಲೇಜಿನ ಸಮಿತಿ ಸಂದರ್ಶನ ನಡೆಸಿ, 60 ಮಂದಿಗೆ ಮಾತ್ರ ತನ್ನ ಶಿಫಾರಸು ಪತ್ರ ಕೊಡುತ್ತದೆ, ಉಳಿದವರಿಗೆ ಈ ವರ್ಷ ಬೇಡ ಎಂದು ಹೇಳಿ ಕಳಿಸುತ್ತದೆ. ಆ 60ರಲ್ಲಿ 54 ಮಂದಿಗೆ ಸೀಟು ಸಿಕ್ಕರೆ ಫಲಿತಾಂಶ ಶೇಕಡಾ 90. ಹೆಸರು ಕೊಟ್ಟ 200 ಮಂದಿಯ ಲೆಕ್ಕದಲ್ಲಿ ಅದು ಶೇಕಡಾ 27. ಎರಡೂ ಲೆಕ್ಕ ಸರಿಯೇ, ಆದರೆ ನಿಮ್ಮ ಮಗ ಸೇರುವುದು 200ರ ಗುಂಪಿಗೆ.

ಸಮಿತಿ ಪತ್ರ ಎಂಬ ಈ ಪದ್ಧತಿ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಚಿಕ್ಕ ಕಾಲೇಜುಗಳಲ್ಲೂ ಇದೆ. ಯುಸಿಎಲ್‌ಎ, ಬರ್ಕ್ಲಿಯಂತಹ ದೊಡ್ಡ ಸರ್ಕಾರಿ ಸಂಸ್ಥೆಗಳಲ್ಲಿ ಇಲ್ಲ, ಅಲ್ಲಿ ವಿದ್ಯಾರ್ಥಿಯೇ ಅಧ್ಯಾಪಕರಿಂದ ಬಿಡಿಬಿಡಿಯಾಗಿ ಪತ್ರ ಪಡೆದು ಕಳಿಸುತ್ತಾನೆ. ದೇಶದಲ್ಲೇ ಅತಿ ಹೆಚ್ಚು ಮೆಡಿಕಲ್ ಅರ್ಜಿದಾರರನ್ನು ಕಳಿಸುವ ಸಂಸ್ಥೆ ಯುಸಿಎಲ್‌ಎ. ವರ್ಷಕ್ಕೆ ಸಾವಿರಕ್ಕೂ ಮಿಕ್ಕಿದ ಅವರಲ್ಲಿ ಒಬ್ಬಳಾಗಿ, ಮುನ್ನೂರು ಜನರ ತರಗತಿಯ ಪ್ರಾಧ್ಯಾಪಕರಿಂದ ತನ್ನ ಹೆಸರು ನೆನಪಿಟ್ಟು ಬರೆದ ಪತ್ರ ಗಳಿಸಿಕೊಳ್ಳುವುದು ಸಂಕೋಚದ ಸ್ವಭಾವದ ಹುಡುಗಿಗೆ ಸುಲಭವಲ್ಲ. ವಿಲಿಯಮ್ಸ್, ಆಮ್‌ಹರ್ಸ್ಟ್, ಸ್ವಾರ್ತ್‌ಮೋರ್‌ನಂತಹ ಲಿಬರಲ್ ಆರ್ಟ್ಸ್ ಕಾಲೇಜುಗಳ, ಅಂದರೆ ಮುಖ್ಯವಾಗಿ ಪದವಿ ಬೋಧನೆಗೇ ಇರುವ ಚಿಕ್ಕ ಕಾಲೇಜುಗಳ, ನಿಜವಾದ ಬಲ ಇರುವುದು ಇಲ್ಲೇ. ಅಲ್ಲಿ ಲ್ಯಾಬಿನಲ್ಲಿ ಪಕ್ಕದಲ್ಲಿ ನಿಂತು ಕಲಿಸುವುದು ಸಂಶೋಧನಾ ವಿದ್ಯಾರ್ಥಿಯಲ್ಲ, ಪ್ರಾಧ್ಯಾಪಕರೇ. ಎರಡು ವರ್ಷದಲ್ಲಿ ಅವರಿಗೆ ಹುಡುಗಿಯ ಕೈಕೆಲಸವೂ ಗೊತ್ತಿರುತ್ತದೆ, ಅವಳು ಸೋತಾಗ ಹೇಗೆ ನಡೆದುಕೊಳ್ಳುತ್ತಾಳೆ ಎಂಬುದೂ ಗೊತ್ತಿರುತ್ತದೆ. ನಮ್ಮ ಜನರಲ್ಲಿ ಈ ಕಾಲೇಜುಗಳ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ, ಊರಿನಲ್ಲಿ ಹೇಳಿದರೆ ಯಾರಿಗೂ ತಿಳಿಯುವುದೂ ಇಲ್ಲ. ಆ ಕಾರಣಕ್ಕೆ ಅವನ್ನು ಪಟ್ಟಿಯಿಂದ ತೆಗೆಯುವುದು ನಷ್ಟ.

ಆಸ್ಪತ್ರೆಯ ಹತ್ತಿರ

ಡಾಕ್ಟರರ ಹಿಂದೆ ನಿಂತು ನೋಡುವ ಶ್ಯಾಡೋಯಿಂಗ್, ರೋಗಿಗಳ ನಡುವೆ ಸ್ವಯಂಸೇವೆ, ಸಂಶೋಧನೆ ಇವಿಲ್ಲದೆ ಇಂದು ಅರ್ಜಿ ನಿಲ್ಲುವುದಿಲ್ಲ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೇನ್ ಸ್ಟ್ರೀಟ್ ದಾಟಿದರೆ ಟೆಕ್ಸಾಸ್ ಮೆಡಿಕಲ್ ಸೆಂಟರ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತರಗತಿಗಳಿಗೂ ಆಸ್ಪತ್ರೆಗಳಿಗೂ ನಡುವೆ ಇರುವುದು ಕೆಲವೇ ಬೀದಿಗಳು. ಬೆಳಿಗ್ಗೆ ಎರಡು ಗಂಟೆ ವಾರ್ಡಿನಲ್ಲಿದ್ದು ಹತ್ತರ ತರಗತಿಗೆ ವಾಪಸಾಗಬಹುದು. ಆದರೆ ಒಂದು ವಿಶ್ವವಿದ್ಯಾಲಯದ ಹೆಸರಿನಲ್ಲೇ ಮೆಡಿಕಲ್ ಸ್ಕೂಲ್ ಇದೆ ಎಂದಮಾತ್ರಕ್ಕೆ ಅದು ಪಕ್ಕದಲ್ಲಿದೆ ಎಂದುಕೊಳ್ಳಬಾರದು: ಜಾನ್ಸ್ ಹಾಪ್ಕಿನ್ಸ್‌ನ ಪದವಿ ತರಗತಿಗಳು ನಡೆಯುವ ಹೋಮ್‌ವುಡ್ ಆವರಣದಿಂದ ಅದರ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಬೇಕು. ದೂರ ದೊಡ್ಡದಲ್ಲ, ಆದರೆ ವಾರಕ್ಕೆ ಮೂರು ಸಲ ಹೋಗುವವನಿಗೆ ಅದು ಗಂಟೆಗಳ ಲೆಕ್ಕ. ಹಳ್ಳಿಗಾಡಿನ ಚಿಕ್ಕ ಕಾಲೇಜಿನಲ್ಲಿ ಓದುವವರು ಈ ಕೆಲಸವನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳುತ್ತಾರೆ. ಅದಕ್ಕೂ ತೊಂದರೆಯಿಲ್ಲ, ಏಕೆಂದರೆ ಈಗ ಮೆಡಿಕಲ್ ಸ್ಕೂಲ್ ಸೇರುವ ಮೂವರಲ್ಲಿ ಇಬ್ಬರಿಗೂ ಹೆಚ್ಚು ಮಂದಿ ಪದವಿಯ ನಂತರ ಒಂದು ವರ್ಷವಾದರೂ ಬಿಡುವು ತೆಗೆದುಕೊಂಡು ಬರುತ್ತಿದ್ದಾರೆ.

ನೀವು ಯಾವ ರಾಜ್ಯದವರು

ಸರ್ಕಾರಿ ಮೆಡಿಕಲ್ ಸ್ಕೂಲುಗಳು ತಮ್ಮ ರಾಜ್ಯದವರಿಗೆ ಆದ್ಯತೆ ಕೊಡುತ್ತವೆ. ಅವು ನೋಡುವುದು ಸಾಮಾನ್ಯವಾಗಿ ವಿದ್ಯಾರ್ಥಿಯ ಕಾನೂನುಬದ್ಧ ನಿವಾಸವನ್ನು, ಕಾಲೇಜು ಇರುವ ರಾಜ್ಯವನ್ನಲ್ಲ. ಟೆಕ್ಸಾಸ್‌ನಲ್ಲಿ ಇದು ಎಲ್ಲಕ್ಕಿಂತ ಗಟ್ಟಿಯಾಗಿದೆ. ಅಲ್ಲಿನ ಸರ್ಕಾರಿ ಮೆಡಿಕಲ್ ಸ್ಕೂಲುಗಳಲ್ಲಿ ಕನಿಷ್ಠ ಶೇಕಡಾ 90ರಷ್ಟು ಸೀಟು ಟೆಕ್ಸಾಸ್ ನಿವಾಸಿಗಳಿಗೇ ಸಲ್ಲಬೇಕು, ಶುಲ್ಕವೂ ದೇಶದಲ್ಲೇ ಕಡಿಮೆ ಎನ್ನುವಷ್ಟಿದೆ, ಮತ್ತು ಅಲ್ಲಿನ ಪ್ರತ್ಯೇಕ ಅರ್ಜಿ ವ್ಯವಸ್ಥೆಯಾದ ಟಿಎಂಡಿಎಸ್‌ಎಎಸ್ ಎ ಮೈನಸ್ಸನ್ನೂ ಪೂರ್ತಿ 4.0 ಎಂದೇ ಲೆಕ್ಕ ಹಾಕುತ್ತದೆ, ಆ್ಯಮ್‌ಕ್ಯಾಸ್‌ನಲ್ಲಿ ಅದೇ ಗ್ರೇಡು 3.7. ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬದ ಮಗು ಯುಟಿ ಆಸ್ಟಿನ್‌ನಲ್ಲೋ, ಮನೆಯಿಂದಲೇ ಓಡಾಡುತ್ತ ಯುಟಿ ಡಲ್ಲಾಸ್‌ನಲ್ಲೋ ಓದಿ ಒಳ್ಳೆಯ ಅಂಕ ತೆಗೆದರೆ, ಪೂರ್ತಿ ಶುಲ್ಕ ಕೊಟ್ಟು ಬೇರೆ ರಾಜ್ಯದ ಖಾಸಗಿ ಕಾಲೇಜಿಗೆ ಹೋಗಲು ಬಲವಾದ ಕಾರಣ ನನಗೆ ಕಾಣುವುದಿಲ್ಲ.

ಕ್ಯಾಲಿಫೋರ್ನಿಯಾದ ಕಥೆ ಬೇರೆ. ಅರ್ಜಿದಾರರು ಅಪಾರ, ಸೀಟು ಸಾಲದು. ಅಲ್ಲಿಂದ ಮೆಡಿಕಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆ ರಾಜ್ಯಗಳಿಗೆ ಹೋಗಬೇಕಾಗುತ್ತದೆ, ಅಲ್ಲಿ ಹೊರರಾಜ್ಯದ ಅಥವಾ ಖಾಸಗಿ ಶುಲ್ಕ ಕೊಡಬೇಕಾಗುತ್ತದೆ. ಹೀಗಾಗಿ ಬೇ ಏರಿಯಾದ ಕುಟುಂಬಗಳು ಪದವಿಯ ಖರ್ಚನ್ನು ಇನ್ನಷ್ಟು ಬಿಗಿ ಹಿಡಿಯಬೇಕು.

ಹೈಸ್ಕೂಲಿನಿಂದಲೇ ಸೀಟು

ಬ್ರೌನ್ ವಿಶ್ವವಿದ್ಯಾಲಯದ ಪಿಎಲ್‌ಎಂಇ, ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದ ಆರು ವರ್ಷದ ಕೋರ್ಸು, ನ್ಯೂಜೆರ್ಸಿಯ ಏಳು ವರ್ಷದ ಕಾರ್ಯಕ್ರಮಗಳು ಹೈಸ್ಕೂಲು ಮುಗಿಸಿದವರಿಗೇ ಮೆಡಿಕಲ್ ಸೀಟನ್ನು ಕಾದಿರಿಸುತ್ತವೆ. ನಮ್ಮ ಎಂಬಿಬಿಎಸ್‌ಗೆ ಹತ್ತಿರದ ದಾರಿಯಾದ್ದರಿಂದ ಭಾರತೀಯ ಪಾಲಕರಿಗೆ ಇವುಗಳ ಮೇಲೆ ಬಹಳ ಆಸೆ. ಪಿಎಲ್‌ಎಂಇಯಲ್ಲಿ ಎಂಕ್ಯಾಟ್ ಸಹ ಬೇಡ. ಸಿಕ್ಕರೆ ಅದೃಷ್ಟವೇ, ಆದರೆ ಸೀಟುಗಳು ಬೆರಳೆಣಿಕೆಯವು, ಮತ್ತು ಹಲವು ಕಾರ್ಯಕ್ರಮಗಳಲ್ಲಿ ಜಿಪಿಎಗೆ, ಕೆಲವದರಲ್ಲಿ ಎಂಕ್ಯಾಟ್‌ಗೂ ಕನಿಷ್ಠ ಮಿತಿ ಇರುತ್ತದೆ, ತಪ್ಪಿದರೆ ಸೀಟು ಹೋಗುತ್ತದೆ. ಸಾಮಾನ್ಯ ದಾರಿಯಲ್ಲಿ ಹೋದ ಮಗು ಎರಡನೇ ವರ್ಷದಲ್ಲಿ ತನಗೆ ವೈದ್ಯಕೀಯ ಬೇಡವೆಂದು ಕಂಡುಕೊಂಡರೆ ಸುಲಭವಾಗಿ ಬೇರೆಡೆಗೆ ತಿರುಗಬಹುದು. ಇಲ್ಲಿ ತಿರುಗಲು ಮನೆಯವರ ಮುಖ ನೋಡಬೇಕಾಗುತ್ತದೆ. ಹದಿನೇಳರ ವಯಸ್ಸಿನಲ್ಲಿ ಮನಸ್ಸು ನಿಜವಾಗಿ ಗಟ್ಟಿಯಾಗಿರುವ ಮಗುವಿಗೆ ಮಾತ್ರ ಇದು ಸರಿ.

ಎಚ್-4 ಮಕ್ಕಳು

ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಮಕ್ಕಳಿಗೆ ಸಿಗುವ ಅವಲಂಬಿತ ವೀಸಾ ಎಚ್-4. ಈ ಮಕ್ಕಳ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯುತ್ತಿರುವುದರಿಂದ, ಎರಡನೇ ತರಗತಿಯಿಂದ ಇಲ್ಲೇ ಓದಿದ ಮಗು ಕೂಡ 21 ತುಂಬಿದ ದಿನ ತಂದೆತಾಯಿಯ ವೀಸಾದಿಂದ ಹೊರಬೀಳುತ್ತದೆ, ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಅದು ಪ್ರೀಮೆಡ್‌ನ ಮೂರನೇ ಅಥವಾ ನಾಲ್ಕನೇ ವರ್ಷ, ಅರ್ಜಿ ಹಾಕುವ ಹೊತ್ತು. ಹೆಚ್ಚಿನ ಸರ್ಕಾರಿ ಮೆಡಿಕಲ್ ಸ್ಕೂಲುಗಳು ಪೌರರು ಅಥವಾ ಗ್ರೀನ್ ಕಾರ್ಡ್ ಇರುವವರನ್ನೇ ತೆಗೆದುಕೊಳ್ಳುತ್ತವೆ. ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಖಾಸಗಿ ಸ್ಕೂಲುಗಳಲ್ಲಿ ಕೆಲವು, ಒಂದರಿಂದ ನಾಲ್ಕು ವರ್ಷದ ಪೂರ್ತಿ ಹಣವನ್ನು ಮುಂಗಡವಾಗಿ ಎಸ್ಕ್ರೋ ಖಾತೆಯಲ್ಲಿಡಲು ಕೇಳುತ್ತವೆ. ಸರ್ಕಾರಿ ಸಾಲವಂತೂ ಇವರಿಗೆ ಇಲ್ಲವೇ ಇಲ್ಲ. ಸಂಬಳ ಬರುವ ಇಎಂಟಿ (ಆಂಬ್ಯುಲೆನ್ಸ್ ಸಿಬ್ಬಂದಿ), ಸ್ಕ್ರೈಬ್ (ಡಾಕ್ಟರರ ಟಿಪ್ಪಣಿ ಬರೆದುಕೊಳ್ಳುವವರು) ಕೆಲಸಗಳನ್ನು ಎಚ್-4ನಲ್ಲಿ ಮಾಡುವಂತಿಲ್ಲ, ಸ್ವಯಂಸೇವೆ ಮಾತ್ರ ಮಾಡಬಹುದು.

ಇಂಥ ಮನೆಗೆ ಕಾಲೇಜಿನ ಹೋಲಿಕೆ ಬೇರೆಯೇ ಆಗುತ್ತದೆ. ವೀಸಾ ಬದಲಾದ ಮೇಲೂ ರಾಜ್ಯದವರಿಗಿರುವ ಕಡಿಮೆ ಶುಲ್ಕವೇ ಮುಂದುವರಿಯುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಾಗುವುದರಿಂದ ಅದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಹಿಂದಿನ ವರ್ಷಗಳಲ್ಲಿ ಎಫ್-1 ವಿದ್ಯಾರ್ಥಿಗಳನ್ನು ಮೆಡಿಕಲ್ ಸ್ಕೂಲಿಗೆ ಕಳಿಸಿದ ಅನುಭವ ಸಲಹೆಗಾರರಿಗೆ ಇದೆಯೇ ಎಂದು ನೋಡಬೇಕು. ಪದವಿಗೆ ಆದಷ್ಟು ಕಡಿಮೆ ಖರ್ಚು ಮಾಡಿ ಮುಂದಿನದಕ್ಕೆ ಹಣ ಉಳಿಸಬೇಕು, ಮತ್ತು ವೈದ್ಯಕೀಯ ಕೈಗೂಡದಿದ್ದರೂ ಉದ್ಯೋಗ ಸಿಗುವಂತಹ ಮೇಜರ್, ಬಯೋಇನ್ಫರ್ಮ್ಯಾಟಿಕ್ಸ್ ಅಥವಾ ಸಂಖ್ಯಾಶಾಸ್ತ್ರದಂತಹುದು, ಅದೇ ಕಾಲೇಜಿನಲ್ಲಿ ಗಟ್ಟಿಯಾಗಿದೆಯೇ ಎಂದು ವಿಚಾರಿಸಬೇಕು. ಪ್ರೀಮೆಡ್‌ಗೆ ಬಯಾಲಜಿಯೇ ಆಗಬೇಕೆಂದಿಲ್ಲ; ಗಣಿತ, ಮಾನವಿಕ ವಿಷಯಗಳನ್ನು ಓದಿದವರೂ ಅಷ್ಟೇ ಪ್ರಮಾಣದಲ್ಲಿ ಆಯ್ಕೆಯಾಗುತ್ತಿದ್ದಾರೆ.

ಮೇ 1ರೊಳಗೆ

ಪ್ರವೇಶ ಪತ್ರಗಳು ಕೈಗೆ ಬರುವುದು ಮಾರ್ಚ್ ಕೊನೆಗೆ, ಒಂದು ಕಾಲೇಜನ್ನು ಒಪ್ಪಿಕೊಂಡು ಠೇವಣಿ ಕಟ್ಟಬೇಕಾದುದು ಮೇ 1ಕ್ಕೆ. ಈ ಒಂದು ತಿಂಗಳಲ್ಲಿ ಪ್ರತಿ ಕಾಲೇಜಿನ ಪ್ರೀಮೆಡ್ ಸಲಹಾ ಕಚೇರಿಗೆ ಮಗುವೇ ಫೋನು ಮಾಡಲಿ. ಕಳೆದ ವರ್ಷ ಒಟ್ಟು ಎಷ್ಟು ಮಂದಿ ಅರ್ಜಿ ಹಾಕಿದರು, ಡಿಒ ಬಿಟ್ಟು ಎಂಡಿಗೆ ಮಾತ್ರ ಎಷ್ಟು ಮಂದಿ ಸೇರಿದರು, ಸಮಿತಿ ಪತ್ರವನ್ನು ಯಾರಿಗಾದರೂ ನಿರಾಕರಿಸುತ್ತೀರಾ, ಪದವಿ ಮುಗಿಸಿ ಎರಡು ವರ್ಷವಾದವರಿಗೂ ಸಲಹೆ ಕೊಡುತ್ತೀರಾ, ಒಬ್ಬ ಸಲಹೆಗಾರರ ಪಾಲಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಕೇಳಲಿ. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ರಸಾಯನಶಾಸ್ತ್ರದ ಕ್ರೆಡಿಟ್ ತೆಗೆದುಕೊಂಡರೆ ಕೆಲವು ಮೆಡಿಕಲ್ ಸ್ಕೂಲುಗಳು ಅದನ್ನು ಒಪ್ಪುವುದಿಲ್ಲವಾದ್ದರಿಂದ, ಅದರ ಬದಲು ಯಾವ ಮೇಲಿನ ಕೋರ್ಸು ಮಾಡಬಹುದೆಂದೂ ಕೇಳಲಿ. ಸಾಧ್ಯವಾದರೆ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಒಂದು ತರಗತಿಯಲ್ಲಿ ಕುಳಿತು, ಅದು ಮುಗಿದ ಮೇಲೆ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಮಾತನಾಡಿಸಿ, ಅಧ್ಯಾಪಕರ ಆಫೀಸ್ ಅವರ್ಸ್‌ಗೆ ಹೋದರೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ವಿಚಾರಿಸಿಕೊಂಡು ಬರಲಿ.